ಪ್ಯಾರಿಸ್‌ನ ಲೂಯಿ-ಲೆ-ಗ್ರಾಂ: ಹೆಸರು ದೊಡ್ಡದು, ಓದೂ ಜೋರು

ಫ್ರಾನ್ಸ್‌ನ ಒಳ್ಳೆ ಪ್ರೌಢಶಾಲೆ ಯಾವುದು ಅಂದರೆ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ಇದೂ ಒಂದು. ಹಳೇ ವಿಶ್ವವಿದ್ಯಾಲಯ ಸೊರ್ಬಾನ್ ಪಕ್ಕದಲ್ಲೇ ಇದೆ. 1563ರಲ್ಲಿ ಜೆಸ್ಯೂಟ್ ಪಾದ್ರಿಗಳು ಶುರು ಮಾಡಿದ್ದು. ಲೇಖಕ ವೋಲ್ಟೇರ್ ಓದಿದ್ದು ಇಲ್ಲೇ. ಗಣಿತದ ಗ್ಯಾಲ್ವಾ ಕೂಡ ಇಲ್ಲಿಯವನೇ, ಆದರೆ 'ಎಕೋಲ್ ಪಾಲಿಟೆಕ್ನಿಕ್' ಅನ್ನೋ ಹೆಸರಾಂತ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ, ಪಾಪ!

ಇಷ್ಟೆಲ್ಲಾ ಹೆಸರಿದ್ದೂ ಇದು ಸರ್ಕಾರಿ ಶಾಲೆ, ಬೋಧನಾ ಶುಲ್ಕ ಇಲ್ಲ. ಅದು ನನಗೆ ತುಂಬಾ ಹಿಡಿಸಿತು.

ಇದರ ನಿಜವಾದ ಗತ್ತು ಇರೋದು 'ಪ್ರೆಪಾ'ದಲ್ಲಿ. ಬಾಕ್, ಅಂದರೆ ಶಾಲೆಯ ಕೊನೆಯ ಪರೀಕ್ಷೆ, ಮುಗಿಸಿದವರನ್ನು ದೊಡ್ಡ ಕಾಲೇಜುಗಳ ಪ್ರವೇಶ ಪರೀಕ್ಷೆಗೆ ಎರಡು ವರ್ಷ ಅರೆಯುವ ತರಗತಿಗಳು ಇವು. 'ಕೋಲ್' ಅಂತ ಮೌಖಿಕ ಪರೀಕ್ಷೆ ಬೇರೆ. ಸಾಮಾನ್ಯವಾಗಿ ಮೂರು ಮಕ್ಕಳು ಬೋರ್ಡ್ ಮುಂದೆ ಸೀಮೆಸುಣ್ಣ ಹಿಡಿದು ಲೆಕ್ಕ ಬಿಡಿಸಬೇಕು, ಪರೀಕ್ಷಕರು ಪಕ್ಕದಲ್ಲೇ ನಿಂತು ಈ ಹೆಜ್ಜೆ ಯಾಕೆ, ಆ ಹೆಜ್ಜೆ ಯಾಕೆ ಅಂತ ಕೆದಕುತ್ತಲೇ ಇರುತ್ತಾರೆ. ಮೃದು ಸ್ವಭಾವದವರಿಗೆ ಕಷ್ಟ.

ಆದರೆ ಒಂದು ಮಾತು. ಆರಿಸಿ ಆರಿಸಿ ಜಾಣರನ್ನೇ ತಗೊಂಡರೆ ಫಲಿತಾಂಶ ಚೆನ್ನಾಗಿ ಬರದೆ ಇನ್ನೇನು, ಅಲ್ವಾ? ಅದಕ್ಕೇ ಫ್ರಾನ್ಸ್‌ನ ಶಿಕ್ಷಣ ಇಲಾಖೆ ಬರೀ ಪಾಸಾದವರ ಲೆಕ್ಕ ಕೊಡೋದಿಲ್ಲ, ಇಂಥ ಮಕ್ಕಳಿಂದ ನಿರೀಕ್ಷಿಸಿದ್ದಕ್ಕಿಂತ ಫಲಿತಾಂಶ ಎಷ್ಟು ಹೆಚ್ಚು ಬಂತು, ಅಂದರೆ ಶಾಲೆಯ ಪಾಲು ಎಷ್ಟು ಅನ್ನೋದನ್ನೂ ಪ್ರಕಟಿಸುತ್ತದೆ. ರ್‍ಯಾಂಕ್ ಪಟ್ಟಿಗಿಂತ ಅದನ್ನು ನೋಡೋದು ವಾಸಿ. 2022ರಿಂದ ಹತ್ತನೇ ತರಗತಿಯ ಸೀಟುಗಳೂ ಪ್ಯಾರಿಸ್‌ನ ಬೇರೆ ಶಾಲೆಗಳ ಹಾಗೆ ಆಫೆಲ್ನೆಟ್ ಅನ್ನೋ ಸರ್ಕಾರಿ ಕಂಪ್ಯೂಟರ್ ಸೀಟು ಹಂಚಿಕೆ ವ್ಯವಸ್ಥೆಗೆ ಬಂದಿವೆ. ನನ್ನ ಪ್ರಕಾರ ಅದು ಯಾವತ್ತೋ ಆಗಬೇಕಿತ್ತು.