ಕೆಂಪು ರಟ್ಟಿನ ಕಿರ್ದಿ ಪುಸ್ತಕ: ಮನೆಲೆಕ್ಕಕ್ಕೆ ಒಂದು ವರ್ಷ ಬಳಸಿದ ಮೇಲೆ

ಹೋದ ದೀಪಾವಳಿಗೆ ಎರಡು ದಿನ ಮುಂಚೆ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಸ್ಟೇಷನರಿ ಅಂಗಡಿಯಲ್ಲಿ 190 ರೂಪಾಯಿ ಕೊಟ್ಟು, ದಿನದಿನದ ಜಮಾಖರ್ಚು ಬರೆಯುವ ಕಿರ್ದಿ ಪುಸ್ತಕವೊಂದನ್ನು ತಂದೆ. ವ್ಯಾಪಾರಸ್ಥರು ಲಕ್ಷ್ಮೀಪೂಜೆಗೆ ಹೊಸ ಲೆಕ್ಕದ ಪುಸ್ತಕಗಳನ್ನು ಇಡುವ ಕಾಲವಾದ್ದರಿಂದ ಕೆಂಪು ಬಟ್ಟೆ ಹೊದಿಸಿದ ರಟ್ಟಿನ ಪುಸ್ತಕಗಳನ್ನು ಅಂಗಡಿಯ ಮುಂದೆಯೇ ಪೇರಿಸಿದ್ದರು. ದಪ್ಪನೆಯದೊಂದನ್ನು ಕೈಗೆತ್ತಿಕೊಂಡಾಗ ಅಂಗಡಿಯವರು "ಯಾವ ದುಕಾನಕ್ರಿ?" ಎಂದು ಕೇಳಿದರು. ಮನೆಯ ಲೆಕ್ಕಕ್ಕೆ ಎಂದೆ. "ಮನಿಗಾದ್ರ ಇಷ್ಟು ದೊಡ್ಡದ್ಯಾಕ್ರಿ ಅಕ್ಕಾರ, ಎರಡು ನೂರು ಪುಟದ್ದು ಸಾಕು" ಎಂದು ಅವರೇ ಬೇರೆಯದನ್ನು ತೆಗೆದುಕೊಟ್ಟರು. ಅವರ ಅಂದಾಜು ಸರಿಯಾಗಿತ್ತು; ಐದು ಜನರ ನಮ್ಮ ಮನೆಗೆ ಆ ಪುಸ್ತಕ ವರ್ಷಪೂರ್ತಿ ಬಂದು, ಇನ್ನೂ ಹನ್ನೊಂದು ಪುಟ ಉಳಿದಿದೆ.

ಪುಸ್ತಕ ತೆರೆದರೆ ಎಡಪುಟ ಜಮಾ, ಬಲಪುಟ ಖರ್ಚು. ಎರಡೂ ಕಡೆ ತಾರೀಖು, ತಪಶೀಲು (ವಿವರ), ಖಾತೆಯ ಪುಟಸಂಖ್ಯೆ, ಅದರ ಪಕ್ಕದಲ್ಲಿ ಮೊತ್ತ ಬರೆಯಲು ಎರಡು ಅಂಕಣಗಳಿವೆ: ಒಂದು ನಗದಿಗೆ, ಇನ್ನೊಂದು ಬ್ಯಾಂಕಿಗೆ. ಒಂದೇ ಅಂಕಣದ ಪುಸ್ತಕ ಮೂವತ್ತು ರೂಪಾಯಿ ಅಗ್ಗ, ಆದರೆ ಈಗಿನ ಮನೆಗೆ ಅದು ಉಪಯೋಗಕ್ಕೆ ಬಾರದು. ಅರ್ಧ ಖರ್ಚು ಫೋನಿನಿಂದಲೂ ಅರ್ಧ ಕೈಯಿಂದಲೂ ನಡೆಯುವಾಗ ಎರಡನ್ನೂ ಬೇರೆಬೇರೆ ಕೂಡಿಸದೆ ಲೆಕ್ಕ ತಾಳೆಯಾಗುವುದಿಲ್ಲ.

ಇದಕ್ಕೂ ಮುಂಚಿನ ವರ್ಷ ನಾನು ಫೋನಿನ ಆ್ಯಪ್ ಒಂದನ್ನು ನಂಬಿದ್ದೆ. ಬ್ಯಾಂಕಿನಿಂದ ಬರುವ ಸಂದೇಶಗಳನ್ನು ಓದಿ ತಾನೇ ಖರ್ಚು ಬರೆದುಕೊಳ್ಳುವ ಆ್ಯಪ್ ಅದು. ಎಟಿಎಂನಿಂದ 5,000 ರೂಪಾಯಿ ತೆಗೆದರೆ ಅದನ್ನು ಖರ್ಚೆಂದು ಬರೆದುಕೊಳ್ಳುತ್ತಿತ್ತು. ಅದೇ ಹಣದಿಂದ ಕೊಂಡ ಕಾಯಿಪಲ್ಲೆಯನ್ನು ನಾನು ಸೇರಿಸಿದರೆ ಅದೂ ಖರ್ಚಾಗಿ ಎರಡು ಸಲ ಲೆಕ್ಕಕ್ಕೆ ಬರುತ್ತಿತ್ತು. ಉಳಿತಾಯದ ಕಂತು ಕಟ್ಟಿದ್ದನ್ನೂ ಖರ್ಚಿನ ಪಟ್ಟಿಗೇ ಹಾಕುತ್ತಿತ್ತು. ಹೀಗಾಗಿ ಹೆಚ್ಚು ಉಳಿಸಿದ ತಿಂಗಳೇ ಹೆಚ್ಚು ಖರ್ಚು ಮಾಡಿದಂತೆ ಕಾಣುತ್ತಿತ್ತು. ಹಾಲು, ಗಿರಣಿ, ಸಂತೆ, ಆಟೋ, ಇವು ಯಾವುವೂ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಕಿರ್ದಿಯಲ್ಲಿ ಈ ಗೊಂದಲಕ್ಕೆ ಎಡೆಯಿಲ್ಲ. ಎಟಿಎಂನಿಂದ ತೆಗೆದ ಹಣವನ್ನು ಬಲಪುಟದ ಬ್ಯಾಂಕ್ ಅಂಕಣದಲ್ಲಿ ಖರ್ಚು ಬರೆದು, ಅದೇ ದಿನ ಎಡಪುಟದ ನಗದು ಅಂಕಣದಲ್ಲಿ ಜಮಾ ಮಾಡಬೇಕು. ಹಣ ಮನೆಯಿಂದ ಹೊರಗೆ ಹೋಗಿಲ್ಲ, ಒಂದು ಜೇಬಿನಿಂದ ಇನ್ನೊಂದಕ್ಕೆ ಬಂದಿದೆ ಎಂಬುದು ಆಗ ಪುಟದ ಮೇಲೆಯೇ ಕಾಣುತ್ತದೆ.

ಈ ಪುಸ್ತಕದ ನಿಜವಾದ ಬೆಲೆ ಇರುವುದು ಶಿಲ್ಕಿನಲ್ಲಿ, ಅಂದರೆ ಕೈಯಲ್ಲಿ ಉಳಿದ ಹಣದ ಲೆಕ್ಕದಲ್ಲಿ. ಬೆಳಗಿನ ಆರಂಭದ ಶಿಲ್ಕಿಗೆ ಆ ದಿನದ ಜಮಾ ಕೂಡಿಸಿ, ಖರ್ಚು ಕಳೆದರೆ ಬರುವ ಅಖೈರು (ಕೊನೆಯ) ಶಿಲ್ಕು ಡಬ್ಬಿಯಲ್ಲಿರುವ ರೊಕ್ಕಕ್ಕೆ ಸರಿಹೊಂದಬೇಕು. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷದ ಕೆಲಸ ಅದು. ಶ್ರಾವಣದ ಒಂದು ರಾತ್ರಿ ಪುಸ್ತಕದ ಪ್ರಕಾರ 1,265 ರೂಪಾಯಿ ಇರಬೇಕಾಗಿತ್ತು, ಡಬ್ಬಿಯಲ್ಲಿದ್ದದ್ದು 1,205. ನೋಟುಗಳನ್ನು ಮೂರು ಸಲ ಎಣಿಸಿದೆ. ಯಜಮಾನರನ್ನು ಕೇಳಿದೆ, ಮಕ್ಕಳನ್ನು ಕೇಳಿದೆ. ಕೊನೆಗೆ ಹಾಸಿಗೆಯ ಮೇಲಿದ್ದ ಅತ್ತೆಯವರು ಎದ್ದು ಕುಳಿತು, "ಯವ್ವಾ, ಜ್ವಾಳ ಬೀಸಿಸಿಗೊಂಡು ಬಂದೀನಲ್ಲ, ಗಿರಣ್ಯಾಗ ಅರವತ್ತು ರೂಪಾಯಿ ಕೊಟ್ಟೀನಿ, ಅದು ಬರದಿಯೇನ?" ಎಂದರು. ಅಂದಿನಿಂದ ಅವರು ಕೊತ್ತಂಬರಿಗೆ ಕೊಟ್ಟ ಹತ್ತು ರೂಪಾಯಿಯನ್ನೂ ಹೇಳಿ ಬರೆಸುತ್ತಾರೆ. ಓದುಬರಹ ಅಷ್ಟಾಗಿ ಬಾರದ ಹಿರಿಯರೊಬ್ಬರು ಮನೆಯ ಲೆಕ್ಕದಲ್ಲಿ ಪಾಲುಗೊಂಡದ್ದು ಈ ಪುಸ್ತಕದಿಂದಲೇ. ನನ್ನ ಫೋನಿನೊಳಗಿನ ಲೆಕ್ಕ ಅವರಿಗೆ ಎಂದೂ ತಲುಪುತ್ತಿರಲಿಲ್ಲ.

ಹಿಂದಿನ ಇಪ್ಪತ್ತು ಪುಟಗಳನ್ನು ಖಾತೆಗಳಿಗೆಂದು ಬಿಟ್ಟುಕೊಂಡಿದ್ದೇನೆ. ಅವುಗಳಲ್ಲಿ ಹೆಚ್ಚು ಉಪಕಾರ ಮಾಡಿದ್ದು ವರ್ಷದ ಕಾಳುಕಡಿಯ ಖಾತೆ. ನಮ್ಮ ಭಾಗದಲ್ಲಿ ಜೋಳ, ತೊಗರಿಬೇಳೆಗಳನ್ನು ಸುಗ್ಗಿಯ ಕಾಲದಲ್ಲಿ ಒಟ್ಟಿಗೆ ಕೊಂಡು ತುಂಬಿಸಿಡುವ ರೂಢಿ ಇನ್ನೂ ಇದೆ. ತೊಗರಿ ಡಿಸೆಂಬರ್ ಜನವರಿಯಲ್ಲಿ, ಹಿಂಗಾರಿ ಬಿಳಿಜೋಳ ಫೆಬ್ರುವರಿ ಮಾರ್ಚ್‌ನಲ್ಲಿ ಇಲ್ಲಿನ ನೆಹರು ಗಂಜ್ ಮಾರುಕಟ್ಟೆಗೆ ಬರುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ತೊಗರಿಬೇಳೆಯನ್ನು ಆಗಲೇ ಕೊಂಡರೆ ಬೇಳೆಯೂ ಹೊಸದು, ಆಷಾಢದ ದರದ ಚಿಂತೆಯೂ ಇಲ್ಲ. ಆದರೆ ಜೋಳ, ಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು ಎಲ್ಲ ಸೇರಿ ಕಳೆದ ವರ್ಷ ಒಂದೇ ಸಲಕ್ಕೆ 21,600 ರೂಪಾಯಿ ಹೋಯಿತು. ಆ ಹೊಡೆತಕ್ಕೆ ಕೈಗಡ ಮಾಡಬೇಕಾಯಿತು. ಈ ವರ್ಷ ಅದನ್ನೇ ಹನ್ನೆರಡು ತಿಂಗಳಿಗೆ ಹಂಚಿ, ತಿಂಗಳಿಗೆ 1,800ರಂತೆ ಬೇರೆ ತೆಗೆದಿಟ್ಟು ಆ ಖಾತೆಗೆ ಬರೆಯುತ್ತಿದ್ದೇನೆ. ಶಾಲೆಯ ಶುಲ್ಕಕ್ಕೂ ಇದೇ ಕ್ರಮ.

ಇನ್ನೊಂದು ಖಾತೆ ಕರೆಂಟಿನದು. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಹಳೆಯ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ನಲವತ್ತು ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಕೂಲರ್ ಹಚ್ಚದೆ ಮಲಗಲಾಗದು. ಆದ್ದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ಪ್ರತಿ ಭಾನುವಾರ ಮೀಟರಿನ ಅಂಕಿಯನ್ನು ಈ ಖಾತೆಯಲ್ಲಿ ಬರೆದೆವು. ಮೇ ತಿಂಗಳ ಮೂರನೆಯ ವಾರದಲ್ಲೇ 160 ದಾಟಿದ್ದು ಕಂಡು ಹಗಲಿನ ಕೂಲರನ್ನು ಒಂದೇ ಕೋಣೆಗೆ ಸೀಮಿತಗೊಳಿಸಿ, 194ಕ್ಕೆ ನಿಲ್ಲಿಸಿದೆವು.

ಉಳಿತಾಯವನ್ನು ಕಿರ್ದಿಯಲ್ಲಿ ಎಲ್ಲಿ ಬರೆಯುತ್ತೇವೆ ಎಂಬುದೂ ಮುಖ್ಯ. ಮೊದಲ ಮೂರು ತಿಂಗಳು ಕೊನೆಗೆ ಉಳಿದದ್ದನ್ನು ಕಟ್ಟೋಣ ಎಂದುಕೊಂಡೆ, ಏನೂ ಉಳಿಯಲಿಲ್ಲ. ಈಗ ಮನೆಖರ್ಚಿನೊಂದಿಗೆ ಬೆರೆಯದಂತೆ ತಿಂಗಳ ಖರ್ಚಿನ ಪುಟದ ಮೊದಲ ಸಾಲೇ ಅಂಚೆ ಕಚೇರಿಯ ಆರ್‌ಡಿ (ತಿಂಗಳ ಕಂತಿನ ಠೇವಣಿ). ಅತ್ತೆಯವರಿಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಅವರ ಹೆಸರಿನಲ್ಲೇ ಕಟ್ಟುತ್ತಿದ್ದೇವೆ. ತಿಂಗಳಿಗೊಂದರಂತೆ ಅರವತ್ತು ಕಂತು. 1,20,000 ರೂಪಾಯಿ ಕಟ್ಟಿದರೆ ಶೇಕಡಾ 6.7ರ ಬಡ್ಡಿದರದಲ್ಲಿ ಐದು ವರ್ಷಕ್ಕೆ ಸುಮಾರು 1,42,700 ರೂಪಾಯಿ ಆಗುತ್ತದೆ. ಖಾತೆಯನ್ನು ತಿಂಗಳ ಮೊದಲ ಹದಿನೈದು ದಿನಗಳಲ್ಲಿ ತೆರೆದವರು ಪ್ರತಿ ತಿಂಗಳು 15ರೊಳಗೆ ಕಂತು ಕಟ್ಟಬೇಕು. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಪುಸ್ತಕದ ಮೊದಲ ಸಾಲಿನಲ್ಲೇ ಇರುವುದರಿಂದ ಒಂದು ಕಂತೂ ತಪ್ಪಿಲ್ಲ.

ಪುಸ್ತಕದ ಕೊರತೆಗಳನ್ನೂ ಹೇಳಬೇಕು. ಕಾಗದ ತೆಳು, ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಮೂಡುತ್ತದೆ, ಬಾಲ್ ಪೆನ್ನನ್ನೇ ಬಳಸಬೇಕು. ಪೈಸೆಯ ಗೆರೆ ಜಾಗವನ್ನು ವ್ಯರ್ಥ ಮಾಡುತ್ತದೆ. ಕೂಡಿಸುವ ಕೆಲಸವೆಲ್ಲ ನಮ್ಮದೇ, ತಪ್ಪೂ ನಮ್ಮದೇ. ಒಂದು ತಿಂಗಳು 360 ರೂಪಾಯಿಯ ವ್ಯತ್ಯಾಸ ಎರಡು ದಿನ ಸಿಗಲಿಲ್ಲ. ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತರಾದ ಪಕ್ಕದ ಮನೆಯ ಕಾಕಾ, ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತಿದ್ದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರಬಹುದು, ಹಾಗೆ ಹುಡುಕು ಎಂದರು. ಹುಡುಕಿದೆ. ಪುಟ ತಿರುಗಿಸುವಾಗ ಹಿಂದಿನ ಪುಟದ ಮೊತ್ತ 3,480 ಎಂಬುದನ್ನು 3,840 ಎಂದು ಇಳಿಸಿಕೊಂಡಿದ್ದೆ.

ಎಲ್ಲವನ್ನೂ ಫೋನಿನಿಂದಲೇ ಪಾವತಿಸುವ, ಗಂಡಹೆಂಡತಿ ಬೇರೆಬೇರೆ ಊರಿನಲ್ಲಿ ಕೆಲಸ ಮಾಡುವ ಮನೆಗೆ ಈ ಪುಸ್ತಕ ಹೊಂದುವುದಿಲ್ಲ. ಅಂಥವರಿಗೆ ಇಬ್ಬರೂ ಎಲ್ಲಿಂದಲಾದರೂ ತುಂಬಬಹುದಾದ ಗೂಗಲ್ ಶೀಟ್ಸ್‌ನಂಥ ಕೋಷ್ಟಕವೇ ಮೇಲು. ಒಂದೇ ಸೂರಿನಡಿ ಇದ್ದು, ದಿನಕ್ಕೆ ನಾಲ್ಕಾರು ಸಲ ಕೈಯಿಂದ ರೊಕ್ಕ ಕೊಡುವ ನಮ್ಮಂಥ ಮನೆಗೆ ನಾನು ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಕೊಳ್ಳುವಾಗ ನಗದು, ಬ್ಯಾಂಕ್ ಎರಡೂ ಅಂಕಣವಿರುವುದನ್ನೇ ಕೇಳಿ, ಅಂಗಡಿಯಲ್ಲೇ ನಾಲ್ಕಾರು ಪುಟ ತಿರುವಿ ಗೆರೆಗಳು ಎದುರುಬದುರಾಗಿ ಸರಿಯಾಗಿ ಬಂದಿವೆಯೇ ಎಂದು ನೋಡಿಕೊಳ್ಳಬೇಕು. ನನಗೆ ಮೊದಲು ಕೊಟ್ಟ ಪ್ರತಿಯಲ್ಲಿ ಕೊನೆಯ ಹಾಳೆಗಳನ್ನು ತಲೆಕೆಳಗಾಗಿ ಹೊಲಿದಿದ್ದರು, ಮರುಮಾತಿಲ್ಲದೆ ಬದಲಿಸಿಕೊಟ್ಟರು.