ಹೈದರಾಬಾದ್ ಪ್ಯಾಕೇಜಿಗೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ಬೆಂಗಳೂರಿನಿಂದ ಹೈದರಾಬಾದ್‌ಗೆ "3 ರಾತ್ರಿ 4 ದಿನ, ವಿಮಾನ, ಹೋಟೆಲ್, ಕಾರು, ತಿಂಡಿ ಎಲ್ಲಾ ಸೇರಿ" ಅಂತ ವಾಟ್ಸಾಪ್‌ನಲ್ಲಿ ಪೋಸ್ಟರ್ ಬಂದಿದೆಯಾ? ಸ್ವಲ್ಪ ತಡೆಯಿರಿ. ನಾನು, ನಮ್ಮನೆಯವರು, ಅತ್ತೆ, ಆರನೇ ಕ್ಲಾಸಿನ ಮಗಳು ಇಂಥದ್ದೇ ಪ್ಯಾಕೇಜಿನಲ್ಲಿ ಹೋಗಿ ಬಂದೆವು. ಏಜೆನ್ಸಿಯ ಹೆಸರು ಹಾಕುತ್ತಿಲ್ಲ, ದೂರು ಇನ್ನೂ ನಡೀತಾ ಇದೆ. ಅಲ್ಲದೆ ಇದೇ ಆಟ ಆಡುವವರು ಬೇಕಾದಷ್ಟು ಜನ ಇದ್ದಾರೆ. ಬೇರೆ ಕಡೆಗಿಂತ ಅಷ್ಟೊಂದು ಅಗ್ಗಕ್ಕೆ ಹೇಗೆ ಕೊಡ್ತಾರೆ ಅನ್ನೋದು ಅಲ್ಲಿಗೆ ಹೋದಮೇಲೆ ಒಂದೊಂದಾಗಿ ಗೊತ್ತಾಯಿತು.

ಮೊದಲು ಆ "4 ದಿನ"ದ ಲೆಕ್ಕ ಕೇಳಿ. ಹೋಗುವ ವಿಮಾನ ಗುರುವಾರ ರಾತ್ರಿ. ಹಾರಾಟ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಆದರೆ ಬ್ಯಾಗ್ ತಗೊಂಡು ಕಾರು ಹುಡುಕಿ ರೂಮ್ ಸೇರುವಾಗ ನಡುರಾತ್ರಿ ದಾಟಿತ್ತು. ಅದು ಒಂದು ದಿನ. ವಾಪಸ್ ವಿಮಾನ ಭಾನುವಾರ ಬೆಳಿಗ್ಗೆ ಆರು ಗಂಟೆ ಸುಮಾರಿಗೆ. ಅಂದರೆ ನಾಲ್ಕಕ್ಕೆಲ್ಲ ರೂಮ್ ಬಿಡಬೇಕು. ಅದೂ ಒಂದು ದಿನ! ಊರು ನೋಡಲಿಕ್ಕೆ ಉಳಿದದ್ದು ಶುಕ್ರವಾರ, ಶನಿವಾರ.

ಫೋನಿನಲ್ಲಿ ಏಜೆಂಟ್ ಹೇಳಿದ್ದೇ ಬೇರೆ. "ಸಂಡೇ ಸಂಜೆ ಫ್ಲೈಟ್ ಮೇಡಮ್, ಆರಾಮಾಗಿ ಶಾಪಿಂಗ್ ಮುಗಿಸ್ಕೊಂಡು ಬನ್ನಿ." ಟಿಕೆಟ್ ಕೈಗೆ ಬಂದಿದ್ದು ಹೊರಡುವ ಹಿಂದಿನ ರಾತ್ರಿ. ಸಮಯ ನೋಡಿ ಕೇಳಿದರೆ, "ಏರ್‌ಲೈನ್‌ನವರು ಟೈಮ್ ಚೇಂಜ್ ಮಾಡಿದ್ದಾರೆ, ನಾವೇನ್ ಮಾಡೋಕಾಗುತ್ತೆ" ಅಂದ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಮ್ಮನೆಯವರು ವಿಚಾರಿಸಿದರು. ಯಾವ ಬದಲಾವಣೆಯೂ ಆಗಿರಲಿಲ್ಲ, ಬುಕ್ ಮಾಡಿದ ದಿನದಿಂದ ಅದೇ ವಿಮಾನ. ಅಷ್ಟೇ ಅಲ್ಲ, ಬುಕಿಂಗ್‌ನಲ್ಲಿ ಇದ್ದ ಮೊಬೈಲ್ ನಂಬರ್, ಇಮೇಲ್ ಎರಡೂ ಏಜೆಂಟಿನದು. ನಿಜವಾಗಿಯೂ ವಿಮಾನ ರದ್ದಾಗಿದ್ದರೆ ಮೆಸೇಜ್ ಹೋಗುತ್ತಿದ್ದುದು ಅವನಿಗೆ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕರಿಗೆ ವಿಮಾನ ರದ್ದಾದಾಗಿನ ಪರಿಹಾರ ಸಿಗುವುದಿಲ್ಲ ಅಂತ ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಡಿಜಿಸಿಎ ನಿಯಮವೇ ಇದೆ. ಹಾಗಾಗಿ ದುಡ್ಡು ಕೊಟ್ಟ ದಿನವೇ ಪಿಎನ್‌ಆರ್ ಕೇಳಿ. ಏರ್‌ಲೈನ್ ವೆಬ್‌ಸೈಟಿನಲ್ಲಿ ಪಿಎನ್‌ಆರ್ ಮತ್ತು ಹೆಸರು ಹಾಕಿದರೆ ಬುಕಿಂಗ್ ತೆರೆಯುತ್ತದೆ. ಸಮಯ ನೋಡಿ, ನಿಮ್ಮ ನಂಬರ್ ಇದೆಯಾ ನೋಡಿ. "ನಾಳೆ ಕಳಿಸ್ತೀನಿ" ಅಂತ ದಿನ ದೂಡಿದರೆ ಟಿಕೆಟ್ಟೇ ಆಗಿಲ್ಲ ಅಂತ ತಿಳಿಯಿರಿ.

ಇನ್ನು ಹೋಟೆಲ್. ಪೋಸ್ಟರಿನಲ್ಲಿ ಇದ್ದದ್ದು ಲಕ್ಡಿಕಾಪುಲ್ ಕಡೆಯ ಹೋಟೆಲಿನ ಫೋಟೋ. ಅದು ಊರ ನಡುವಿನ ಜಾಗ, ಮೆಟ್ರೋ ಸ್ಟೇಷನ್ ಅಲ್ಲೇ ಇದೆ. ಕೆಂಪು ಲೈನಿನಲ್ಲಿ ಕೂತರೆ ನಾಂಪಲ್ಲಿ ದಾಟಿ ಎಂಜಿಬಿಎಸ್ ಸ್ಟೇಷನ್ನಿನಲ್ಲಿ ಇಳಿಯಬಹುದು, ಅಲ್ಲಿಂದ ಹಳೇ ಊರಿಗೆ ಆಟೋ ಸಾಕು. ನಮಗೆ ಕೊಟ್ಟಿದ್ದು ಶಂಷಾಬಾದಿನಲ್ಲಿ. ಹೈದರಾಬಾದ್ ವಿಮಾನ ನಿಲ್ದಾಣ ಇರೋದು ಶಂಷಾಬಾದಿನಲ್ಲೇ, ಚಾರ್ಮಿನಾರ್‌ನಿಂದ ಸುಮಾರು 20 ಕಿಲೋಮೀಟರ್ ದೂರ. ಅಲ್ಲಿಗೆ ಮೆಟ್ರೋ ಇಲ್ಲ. ವೋಚರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಅಥವಾ ಅದೇ ದರ್ಜೆಯ ಹೋಟೆಲ್" ಅಂತ ಹಾಕಿದ್ದರು. ದರ್ಜೆ ಒಂದೇ ಆದರೂ ಊರೇ ಬೇರೆ, ಅಲ್ವಾ? ಹೋಟೆಲ್ ಎನ್‌ಎಚ್ 44ರ ಪಕ್ಕ. ರಾತ್ರಿಯಿಡೀ ಲಾರಿ ಸದ್ದು. ಅದು ಬೆಂಗಳೂರಿಗೆ ಬರುವ ಹೆದ್ದಾರಿಯೇ. ಸುಮ್ನೆ ಬಸ್ಸಿನಲ್ಲಿ ಬಂದು ಇಲ್ಲೇ ಇಳೀಬಹುದಿತ್ತು ಅಂತ ಅತ್ತೆ ಮೂರೂ ರಾತ್ರಿ ಹೇಳಿದರು.

ಊರ ಹೊರಗಿನ ಹೋಟೆಲಿಗೂ ಕಾರಿನ ಷರತ್ತಿಗೂ ಗಂಟು ಹಾಕಿರುವ ರೀತಿ ನೋಡಿ. "ಕಾರು ಸೇರಿ" ಅಂದರೆ ದಿನಕ್ಕೆ 8 ಗಂಟೆ, 80 ಕಿಲೋಮೀಟರ್. ಅದೂ ಗ್ಯಾರೇಜ್‌ನಿಂದ ಗ್ಯಾರೇಜ್‌ಗೆ. ಡ್ರೈವರ್ ಮನೆಯಿಂದ ಶಂಷಾಬಾದಿಗೆ ಬರುವುದೂ ನಮ್ಮ ಲೆಕ್ಕಕ್ಕೇ. ಊರೊಳಗೆ ಹೋಟೆಲ್ ಇದ್ದಿದ್ದರೆ ಧಾರಾಳವಾಗಿ ಸಾಕಾಗುತ್ತಿದ್ದ ಕಿಲೋಮೀಟರ್ ಹೋಗಿ ಬರುವುದರಲ್ಲೇ ಕರಗಿತು. ಆಮೇಲಿನದ್ದಕ್ಕೆಲ್ಲ ಕಿಲೋಮೀಟರಿಗೆ ಇಷ್ಟು, ಗಂಟೆಗೆ ಇಷ್ಟು ಅಂತ ಡ್ರೈವರ್ ಕೈಗೆ ನಗದು.

ಡ್ರೈವರ್ ಮಾತ್ರ ಒಳ್ಳೆಯವರು. ಶುಕ್ರವಾರ ಬೆಳಿಗ್ಗೆ ನಮ್ಮ ಪ್ಲ್ಯಾನ್ ಚೀಟಿ ನೋಡಿದವರೇ, "ಆಜ್ ಜುಮ್ಮಾ ಹೈ ಮೇಡಮ್, ಸಾಲಾರ್ ಜಂಗ್ ಬಂದ್ ರಹತಾ" ಅಂದರು. ಸಾಲಾರ್ ಜಂಗ್ ಮ್ಯೂಸಿಯಂಗೆ ಶುಕ್ರವಾರ ರಜೆ. ಚೌಮಹಲ್ಲಾ ಅರಮನೆಗೂ ಶುಕ್ರವಾರವೇ ರಜೆ. ಚೀಟಿಯಲ್ಲಿ ಶುಕ್ರವಾರದ ಮೊದಲ ಎರಡು ಜಾಗ ಇವೇ. ಮಗಳು ಆ ಮ್ಯೂಸಿಯಂನ ಗಡಿಯಾರ ನೋಡಲಿಕ್ಕೆ ಅಂತಲೇ ಬಂದವಳು. ಗಂಟೆಗೊಮ್ಮೆ ಪುಟ್ಟ ಗಡ್ಡದ ಗೊಂಬೆ ಬಾಗಿಲು ತೆಗೆದು ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದಲ್ಲ, ಅದು. ಏಜೆಂಟಿಗೆ ಫೋನ್ ಮಾಡಿದೆ. "ಪರವಾಗಿಲ್ಲ ಮೇಡಮ್, ಹೊರಗಿಂದ ಫೋಟೋ ತೆಗೆಸ್ಕೊಳ್ಳಿ" ಅಂದ. ಶನಿವಾರಕ್ಕೆ ಬದಲಾಯಿಸೋಣ ಅಂದರೆ ಅವತ್ತು ಇಡೀ ದಿನ ರಾಮೋಜಿ ಫಿಲ್ಮ್ ಸಿಟಿ. ಪ್ರತಿ ವಾರ ಇದೇ ಊರಿಗೆ ಜನರನ್ನು ಕಳಿಸುವವರಿಗೆ ಈ ರಜೆ ಗೊತ್ತಿರಲ್ಲ ಅಂದರೆ ನಾನಂತೂ ನಂಬಲ್ಲ. ಗುರುವಾರ ರಾತ್ರಿಯ ಟಿಕೆಟ್ ಅಗ್ಗಕ್ಕೆ ಸಿಕ್ಕಿತು, ಅದಕ್ಕೆ ತಕ್ಕಂತೆ ಹಳೇ ಚೀಟಿಯನ್ನೇ ಅಂಟಿಸಿದ್ದಾರೆ.

ಚಾರ್ಮಿನಾರ್‌ಗೆ ಹೋದೆವು. 1591ರ ಕಟ್ಟಡ, ಎಷ್ಟು ನೋಡಿದರೂ ಸಾಲದು. ಆದರೆ ಶುಕ್ರವಾರ ಮಧ್ಯಾಹ್ನ ಪಕ್ಕದ ಮೆಕ್ಕಾ ಮಸೀದಿಯಲ್ಲಿ ದೊಡ್ಡ ನಮಾಜು. ಜನ ಕಿಕ್ಕಿರಿದಿರುತ್ತಾರೆ. ಕಾರು ದೂರದಲ್ಲೇ ನಿಲ್ಲಬೇಕು. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಆ ಹೊತ್ತು ಬೇಡ. ಲಾಡ್ ಬಜಾರಿನಲ್ಲಿ ಅತ್ತೆ ಒಂದು ಬಳೆ ಅಂಗಡಿಯ ಸ್ಟೂಲಿನ ಮೇಲೆ ಕೂತವರು ಏಳಲೇ ಇಲ್ಲ. ಅಂಗಡಿಯವರು ಏನನ್ನೂ ಕೊಳ್ಳಿ ಅನ್ನದೆ ನೀರು ಕೊಟ್ಟರು.

ಗೋಲ್ಕೊಂಡ ಕೋಟೆಯಲ್ಲಿ ಸಂಜೆಯ ಬೆಳಕು ಧ್ವನಿ ಪ್ರದರ್ಶನ ನೋಡಬೇಕು ಅಂತ ಇತ್ತು, ಪೋಸ್ಟರಿನಲ್ಲೂ ಅದರದೇ ಫೋಟೋ. ಅಷ್ಟು ಹೊತ್ತಿಗೆ 8 ಗಂಟೆ ಮುಗಿದಿತ್ತು. ಹೆಚ್ಚಿಗೆ ಕೊಟ್ಟು ನಿಲ್ಲೋಣ ಅಂದರೆ ಡ್ರೈವರಿಗೆ ಬೇರೆ ಡ್ಯೂಟಿ ಹಾಕಿದ್ದರು. ಹೆಬ್ಬಾಗಿಲಲ್ಲಿ ಚಪ್ಪಾಳೆ ಹೊಡೆದು, ಮೇಲೆ ಕೋಟೆಯ ತುದಿಯಲ್ಲಿರುವ ಬಾಲಾ ಹಿಸ್ಸಾರ್ ತನಕ ಕೇಳುತ್ತಾ ಅಂತ ಪರೀಕ್ಷೆ ಮಾಡುವುದಕ್ಕೂ ಸಮಯ ಸಿಗಲಿಲ್ಲ.

ಶನಿವಾರದ್ದು ಚಿಕ್ಕ ಕಥೆ. ರಾಮೋಜಿಗೆ ಕಾರು ಸೇರಿತ್ತು, ಟಿಕೆಟ್ ಸೇರಿರಲಿಲ್ಲ. ದೊಡ್ಡವರಿಗೆ ತಲೆಗೆ ಸಾವಿರಕ್ಕೂ ಜಾಸ್ತಿ. ಹೊರವರ್ತುಲ ರಸ್ತೆಯ ಟೋಲೂ ನಮ್ಮದೇ. ಎಲ್ಲ ಕೂಡಿಸಿದರೆ "ದುಬಾರಿ" ಅಂತ ನಾವು ಬಿಟ್ಟಿದ್ದ ಇನ್ನೊಂದು ಏಜೆನ್ಸಿಯ ರೇಟಿಗಿಂತ ಮೇಲಾಯಿತು.

ನೀವು ಹೋಗುವುದಾದರೆ ಹೋಟೆಲಿನ ಹೆಸರು, ಬಡಾವಣೆ ಎರಡನ್ನೂ ಬರೆಸಿಕೊಳ್ಳಿ. "ಅಥವಾ ಅದೇ ದರ್ಜೆಯ" ಅನ್ನೋದನ್ನು ಹೊಡೆದುಹಾಕಿಸಿ. ಒಪ್ಪದಿದ್ದರೆ ಬೇರೆಯವರನ್ನು ನೋಡಿ. ಸ್ವತಃ ಹೋಟೆಲಿಗೆ ಫೋನ್ ಮಾಡಿ ನಿಮ್ಮ ಹೆಸರಲ್ಲಿ ರೂಮ್ ಇದೆಯಾ ಕೇಳಿ. ನಿಜ ಹೇಳಬೇಕೆಂದರೆ ಹೈದರಾಬಾದಿಗೆ ಪ್ಯಾಕೇಜೇ ಬೇಕಿಲ್ಲ. ವಿಮಾನ ನಿಲ್ದಾಣದಿಂದ ಊರೊಳಕ್ಕೆ ಸರ್ಕಾರಿ ಪುಷ್ಪಕ್ ಬಸ್ಸುಗಳಿವೆ, ಊರೊಳಗೆ ಓಡಾಡಲಿಕ್ಕೆ ಮೆಟ್ರೋ ಇದೆ. ಶುಕ್ರವಾರ ಗೋಲ್ಕೊಂಡ ಇಟ್ಟುಕೊಳ್ಳಿ. ಮೃಗಾಲಯಕ್ಕೆ ಸೋಮವಾರ ರಜೆ, ಅದೂ ನೆನಪಿರಲಿ.

ಈಗಾಗಲೇ ಸಿಕ್ಕಿಹಾಕಿಕೊಂಡು ಟಿಕೆಟ್ ರದ್ದು ಮಾಡುವವರಿಗೆ ಒಂದು ಮಾತು. "ನಾನ್ ರಿಫಂಡಬಲ್, ಒಂದು ಪೈಸೆಯೂ ಬರಲ್ಲ" ಅಂದರೆ ಒಪ್ಪಬೇಡಿ. ಎಂಥ ಟಿಕೆಟ್ ಆದರೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ವಾಪಸ್ ಬರಲೇಬೇಕು. ಏಜೆಂಟ್ ಮೂಲಕ ತಗೊಂಡ ಟಿಕೆಟ್ಟಿಗೂ ರಿಫಂಡ್ ಹೊಣೆ ಏರ್‌ಲೈನಿನದೇ.

ನಾವು ಬಂದ ಮೇಲೆ ಏಜೆಂಟ್ "ಮುಂದಿನ ಟ್ರಿಪ್ಪಿಗೆ ಡಿಸ್ಕೌಂಟ್ ಕೂಪನ್" ಕೊಡ್ತೀನಿ ಅಂದ. ಬೇಡ ಅಂದು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟೆವು. ಪೋಸ್ಟರ್, ವಾಟ್ಸಾಪ್ ಚಾಟ್, ವೋಚರ್, ಡ್ರೈವರಿಗೆ ಕೊಟ್ಟ ಹಣದ ರಸೀದಿ ಎಲ್ಲ ಇತ್ತು. ಹೋಟೆಲಿನ ವ್ಯತ್ಯಾಸದ ಹಣ ವಾಪಸ್ ಬಂತು. ಕಾರಿಂದೂ ವಾಪಸ್ ವಿಮಾನದ್ದೂ ಬಂದಿಲ್ಲ. ಅದಕ್ಕೆ ಇ-ಜಾಗೃತಿ ಪೋರ್ಟಲ್‌ನಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕುತ್ತಿದ್ದೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸ ಇರುವ ಊರಿನಲ್ಲೇ ಹಾಕಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಇಂಥದ್ದೇ ಪೋಸ್ಟರ್ ನೋಡಿ ದುಡ್ಡು ಹಾಕಿದವರು ಇದ್ದರೆ ಆ ಪೋಸ್ಟರನ್ನು ಡಿಲೀಟ್ ಮಾಡಬೇಡಿ, ನಮಗೆ ಹೆಚ್ಚು ಕೆಲಸಕ್ಕೆ ಬಂದ ಸಾಕ್ಷಿ ಅದೇ.