ಮುಕ್ಕಾಲು ಯುನಿಟ್ಟಿನ ಬ್ಯಾಟರಿ: ಹೈರೈಡರ್ ಹೈಬ್ರಿಡ್ ಕೈಗೆ ಒಗ್ಗುವವರೆಗೆ

ಟೊಯೊಟಾ ಅರ್ಬನ್ ಕ್ರೂಸರ್ ಹೈರೈಡರ್ ಕೊಳ್ಳಲು ಹೊರಟವರು ಮೊದಲು ಒಂದು ವಿಷಯ ತಿಳಿದಿರಬೇಕು. ‘ಹೈಬ್ರಿಡ್’ ಎಂಬ ಒಂದೇ ಹೆಸರಿನಡಿ ಅದರಲ್ಲಿ ಎರಡು ಬೇರೆ ಬೇರೆ ಗಾಡಿಗಳಿವೆ. ಮೈಲ್ಡ್ ಹೈಬ್ರಿಡ್‌ನಲ್ಲಿರುವುದು ಸುಜುಕಿ ಎಂಜಿನ್. ಅದರ ಜೊತೆಗಿರುವ ಪುಟ್ಟ ಮೋಟಾರ್ ಎಂಜಿನ್ನಿಗೆ ಒತ್ತಾಸೆ ಕೊಡುತ್ತದೆಯೇ ಹೊರತು ತಾನೊಂದೇ ಗಾಡಿಯನ್ನು ಎಳೆಯುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಟೊಯೊಟಾದ 1,490 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಇದೆ, ಗಾಡಿಯನ್ನು ಒಂಟಿಯಾಗಿಯೇ ಓಡಿಸಬಲ್ಲ 80 ಪಿಎಸ್ (ಪಿಎಸ್ ಎಂದರೆ ಅಶ್ವಶಕ್ತಿಯ ಅಳತೆ) ಮೋಟಾರ್ ಇದೆ. ಇಲ್ಲಿ ಬರೆದಿರುವುದೆಲ್ಲ ಈ ಎರಡನೆಯದರ ಬಗ್ಗೆ. ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್‌ಗೂ ಇದೇ ಮಾತು ಹೊಂದುತ್ತದೆ. ಒಳಗಿನ ಯಂತ್ರ ಒಂದೇ, ಎರಡೂ ತಯಾರಾಗುವುದು ನಮ್ಮ ಬಿಡದಿಯಲ್ಲೇ. ತಟ್ಟೆ ಇಡ್ಲಿಗೆಂದು ನಿಲ್ಲಿಸುವ ಊರಿನಿಂದಲೇ ಗಾಡಿಯೂ ಬಂತು ಅನ್ನಬಹುದು.

ಈ ಕಾರಿನ ನಡವಳಿಕೆ ಅರ್ಥವಾಗಬೇಕಾದರೆ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು: 0.76. ಹೈಬ್ರಿಡ್ ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ತು ಇಷ್ಟೇ ಕಿಲೋವ್ಯಾಟ್ ಅವರ್. ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯುನಿಟ್. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಮುಕ್ಕಾಲು ಗಂಟೆಯಲ್ಲಿ ತಿಂದು ಮುಗಿಸುವಷ್ಟು. ಪೂರ್ತಿ ಎಲೆಕ್ಟ್ರಿಕ್ ಕಾರುಗಳಲ್ಲಿ ಇದು ಮೂವತ್ತು, ನಲವತ್ತು ಯುನಿಟ್ ಇರುತ್ತದೆ. ಇಲ್ಲಿ ಆ ಮುಕ್ಕಾಲು ಯುನಿಟ್ಟನ್ನೂ ಪೂರ್ತಿ ಬಳಸಲು ಗಾಡಿ ಬಿಡುವುದಿಲ್ಲ. ಬ್ಯಾಟರಿ ಬಾಳಿಕೆ ಬರಲಿ ಎಂದು ಮೇಲೊಂದಿಷ್ಟು, ಕೆಳಗೊಂದಿಷ್ಟು ಬಿಟ್ಟು ನಡುವಿನ ಭಾಗದಲ್ಲೇ ವ್ಯವಹಾರ ನಡೆಸುತ್ತದೆ. ಅಂಚೆ ಕಚೇರಿಯ ಉಳಿತಾಯ ಖಾತೆಯಂತೆ ಕೂಡಿಡುವ ಜಾಗ ಇದಲ್ಲ, ತರಕಾರಿಗೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸುವ ಚಿಲ್ಲರೆ ಚೀಲ. ನಿಮಿಷಕ್ಕೊಮ್ಮೆ ತುಂಬುತ್ತದೆ, ಖಾಲಿಯಾಗುತ್ತದೆ. ‘ಎಲ್ಲಿ ಚಾರ್ಜ್ ಹಾಕ್ತೀರಾ?’ ಎಂದು ಪಕ್ಕದ ಮನೆಯವರು ಕೇಳಿದರೆ ಉತ್ತರ ಸುಲಭ: ಪ್ಲಗ್ ಹಾಕುವ ಜಾಗವೇ ಇಲ್ಲ.

ಎಂಜಿನ್ 92 ಪಿಎಸ್, ಮೋಟಾರ್ 80 ಪಿಎಸ್, ಎರಡೂ ಸೇರಿ ಮಾತ್ರ 116 ಏಕೆ ಎಂದು ತಲೆ ಕೆರೆದುಕೊಳ್ಳುವವರಿಗೂ ಉತ್ತರ ಇದೇ ಚೀಲದಲ್ಲಿದೆ. ಎಂಜಿನ್ ಪೂರ್ತಿ ದುಡಿಯುವಾಗ ಬ್ಯಾಟರಿ ತನ್ನ ಕಡೆಯಿಂದ ಸೇರಿಸಬಲ್ಲದ್ದು ಆ ಮಿಕ್ಕ 24 ಪಿಎಸ್ ಅಷ್ಟೇ.

ಮೊದಲ ದಿನದ ಎಡವಟ್ಟು ಬಹುತೇಕ ಎಲ್ಲರಿಗೂ ಒಂದೇ. ಬ್ರೇಕ್ ಮೇಲೆ ಕಾಲಿಟ್ಟು ಪವರ್ ಬಟನ್ ಒತ್ತುತ್ತಾರೆ. ಸದ್ದಿಲ್ಲ. ಸ್ಟಾರ್ಟ್ ಆಗಲಿಲ್ಲ ಎಂದುಕೊಂಡು ಮತ್ತೊಮ್ಮೆ ಒತ್ತುತ್ತಾರೆ, ಗಾಡಿ ಆಫ್ ಆಗುತ್ತದೆ. ನೋಡಬೇಕಾದದ್ದು ಮೀಟರಿನಲ್ಲಿ ಹೊತ್ತಿಕೊಳ್ಳುವ ‘ರೆಡಿ’ ದೀಪವನ್ನು. ಅದು ಬಂದರೆ ಗಾಡಿ ಹೊರಡಲು ತಯಾರು, ಎಂಜಿನ್ ನಿಂತಿದ್ದರೂ ಸರಿ. ಇದರ ಇನ್ನೊಂದು ಮುಖ ಹೆಚ್ಚು ಅಪಾಯದ್ದು: ಮನೆಗೆ ಬಂದು, ಸದ್ದಿಲ್ಲವೆಂದು ಆಫ್ ಮಾಡದೆಯೇ ಇಳಿದುಹೋಗುವುದು. ಬ್ಯಾಟರಿ ಇಳಿದಾಗ ಎಂಜಿನ್ ತಾನಾಗಿ ಎದ್ದು ಓಡುತ್ತದೆ. ಶಟರ್ ಎಳೆದ ಗ್ಯಾರೇಜಿನಲ್ಲಿ ಹೊಗೆ ತುಂಬಿಕೊಳ್ಳುವುದು ತಮಾಷೆಯ ಮಾತಲ್ಲ. ಕೀ ಜೇಬಿನಲ್ಲಿಟ್ಟು ಇಳಿದಾಗ ಗಾಡಿ ಬೀಪ್ ಬೀಪ್ ಅಂದರೆ ಬೈದುಕೊಳ್ಳದೆ ಮೀಟರ್ ನೋಡಿ.

ಇನ್ನು ಬ್ರೇಕ್. ಮೈಲೇಜ್ ಇರುವುದು ಆಕ್ಸಿಲರೇಟರಿನಲ್ಲಿ ಎಂದು ಎಲ್ಲರೂ ಕಲಿತಿರುತ್ತೇವೆ. ಈ ಕಾರಿನಲ್ಲಿ ಅರ್ಧ ಮೈಲೇಜ್ ಬ್ರೇಕ್ ಪೆಡಲ್ಲಿನ ಕೆಳಗಿದೆ. ಮೆಲ್ಲಗೆ ಒತ್ತಿದರೆ ಮೋಟಾರ್ ಜನರೇಟರಾಗಿ ತಿರುಗಿ ಓಟವನ್ನು ವಿದ್ಯುತ್ತಾಗಿಸುತ್ತದೆ. ಜೋರಾಗಿ ತುಳಿದರೆ ಡಿಸ್ಕ್ ಬ್ರೇಕ್‌ಗಳು ಹಿಡಿದು ಅಷ್ಟನ್ನೂ ಶಾಖವಾಗಿ ಗಾಳಿಗೆ ಬಿಡುತ್ತವೆ. ಮೈಸೂರಿನ ಕೆ.ಆರ್. ಸರ್ಕಲ್ ಕಡೆಗೆ ಹೋಗುತ್ತಾ ದೂರದಲ್ಲಿ ಕೆಂಪು ದೀಪ ಕಂಡರೆ ಕೊನೆಯ ಇಪ್ಪತ್ತು ಮೀಟರಿಗೆ ಕಾಯಬೇಡಿ. ನೂರು ಮೀಟರ್ ಮೊದಲೇ ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಮೇಲೆ ಕಾಲಿನ ಭಾರವನ್ನಷ್ಟೇ ಇಡಿ. ಮೀಟರಿನ ಮುಳ್ಳು ‘ಚಾರ್ಜ್’ ಭಾಗದಲ್ಲಿರಲಿ, ಅದರ ತಳ ಮುಟ್ಟದಿರಲಿ. ಗಾಡಿ ಪೂರ್ತಿ ನಿಲ್ಲುವ ಕೊನೆಯ ಹಂತದಲ್ಲಿ ಮೋಟಾರ್ ಕೆಲಸವನ್ನು ಡಿಸ್ಕಿಗೆ ಒಪ್ಪಿಸುತ್ತದೆ. ಆ ಕೈ ಬದಲಾಗುವುದು ಪಾದಕ್ಕೆ ಗೊತ್ತಾಗುತ್ತದೆ. ಮೊದಲ ವಾರ ಕೊನೆಯಲ್ಲಿ ಚೂರು ಕುಲುಕಿದಂತಾಗುವುದು ಇದರಿಂದಲೇ, ಪೆಡಲನ್ನು ತುಸು ಸಡಿಲಿಸಿ ನಿಲ್ಲಿಸಲು ಕಲಿತರೆ ಹೋಗುತ್ತದೆ.

ಎಚ್ಚರ ಬೇಕಾದ ಜಾಗ ಇನ್ನೊಂದಿದೆ. ಮೆಲ್ಲಗೆ ಬ್ರೇಕ್ ಒತ್ತಿಕೊಂಡೇ ಗುಂಡಿ ಅಥವಾ ಒರಟು ಹಂಪ್ ಹಾಯ್ದರೆ, ಒಂದು ಚಕ್ರ ಹಿಡಿತ ತಪ್ಪಿದ ಕೂಡಲೇ ಮೋಟಾರಿನ ಬ್ರೇಕಿಂಗ್ ಕಡಿದು ಹೈಡ್ರಾಲಿಕ್ ಬ್ರೇಕ್ ಹಿಡಿಯುತ್ತದೆ. ಆ ಅರೆಕ್ಷಣ ಗಾಡಿ ಮುಂದಕ್ಕೆ ಜಾರಿದ ಹಾಗನ್ನಿಸುತ್ತದೆ. ಕಾಲು ತೆಗೆಯಬೇಡಿ, ಇನ್ನಷ್ಟು ಒತ್ತಿ.

ಇದೆಲ್ಲ ಒಟ್ಟಿಗೆ ಕಣ್ಣಿಗೆ ಕಾಣುವುದು ಚಾಮುಂಡಿ ಬೆಟ್ಟದಲ್ಲಿ. ಊರಿನ ಮಟ್ಟದಿಂದ ಬೆಟ್ಟದ ತುದಿ ಸುಮಾರು 300 ಮೀಟರ್ ಎತ್ತರ. ಜನರೂ ಸೇರಿ 1,500 ಕೆಜಿ ತೂಗುವ ಗಾಡಿ ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1.2 ಯುನಿಟ್. ಟೈರು, ಗಾಳಿ, ಮೋಟಾರಿನ ನಷ್ಟ ಎಂದು ಅರ್ಧಕ್ಕಿಂತ ಹೆಚ್ಚು ಕಳೆದರೂ ಉಳಿದದ್ದನ್ನು ತುಂಬಿಸಲು ನಮ್ಮ ಚಿಲ್ಲರೆ ಚೀಲದಲ್ಲಿ ಜಾಗ ಸಾಲದು. ಹಾಗಾಗಿ ಹತ್ತುವಾಗ ಬ್ಯಾಟರಿ ಗುರುತು ತಳಕ್ಕೆ ಬಂದರೆ ಗಾಬರಿ ಬೇಡ, ಇಳಿಯುವಾಗ ತುಂಬಲು ಜಾಗವಾಯಿತು ಎಂದುಕೊಳ್ಳಿ. ಮೇಲಿನಿಂದ ‘ಡಿ’ಯಲ್ಲೇ ಮೆಲ್ಲಗೆ ಬ್ರೇಕ್ ಒತ್ತುತ್ತಾ ಹೊರಡಿ. ಬ್ಯಾಟರಿ ತುಂಬುತ್ತಾ ಬಂದಾಗ ಗೇರ್ ಲಿವರನ್ನು ‘ಬಿ’ಗೆ, ಅಂದರೆ ಎಂಜಿನ್ ಬ್ರೇಕಿಂಗ್‌ಗೆ, ಎಳೆಯಿರಿ. ಆಗ ಎಂಜಿನ್ ಒಮ್ಮೆಲೇ ಗುರ್ರೆಂದು ಏರುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಅತ್ತೆ ‘ಏನಾಯ್ತಪ್ಪಾ?’ ಎನ್ನುವಷ್ಟು ಸದ್ದು. ಪೆಟ್ರೋಲ್ ಮಾತ್ರ ಉರಿಯುತ್ತಿಲ್ಲ. ಹೆಚ್ಚಾದ ವಿದ್ಯುತ್ತಿನಿಂದ ಎಂಜಿನ್ನನ್ನು ಸುಮ್ಮನೆ ತಿರುಗಿಸಿ ಗಾಡಿಯನ್ನು ತಡೆಯುವ ಉಪಾಯ ಅದು, ಬ್ರೇಕ್ ಕಾಯದಂತೆ ಕಾಪಾಡುತ್ತದೆ. ಅದಕ್ಕೇ ‘ಬಿ’ ಎಂದರೆ ‘ಬ್ಯಾಟರಿ’ ಎಂದುಕೊಂಡು ಊರೊಳಗೆಲ್ಲ ಅದರಲ್ಲೇ ಓಡಿಸುವವರು ಮೈಲೇಜನ್ನು ಕೈಯಾರೆ ಚೆಲ್ಲುತ್ತಿದ್ದಾರೆ. ಸಪಾಟು ರಸ್ತೆಗೆ ‘ಡಿ’ಯೇ ಸರಿ.

ಎಂಜಿನ್ ಬಿಟ್ಟು ಮೋಟಾರಿನಲ್ಲೇ ಓಡಿಸುವ ಇವಿ ಬಟನ್ ಬಗ್ಗೆ ಹೊಸಬರ ದೂರು ಬಹಳ: ‘ಒತ್ತಿದರೆ ಆಗಲ್ಲ ಅನ್ನುತ್ತೆ.’ ಬ್ಯಾಟರಿ ಇಳಿದಿದ್ದರೆ, ಎಂಜಿನ್ ಇನ್ನೂ ತಣ್ಣಗಿದ್ದರೆ, ವೇಗ ಹೆಚ್ಚಿದ್ದರೆ, ಆಕ್ಸಿಲರೇಟರ್ ಜೋರಾಗಿ ತುಳಿದರೆ ಅದು ಒಪ್ಪುವುದಿಲ್ಲ. ಒಪ್ಪಿದರೂ ಲಾಭವೇನಿಲ್ಲ. ಹಟ ಹಿಡಿದು ಬ್ಯಾಟರಿ ಖಾಲಿ ಮಾಡಿದರೆ ಅದನ್ನು ಮತ್ತೆ ತುಂಬಿಸುವುದು ಪೆಟ್ರೋಲೇ, ನಡುವೆ ಒಂದಿಷ್ಟು ಸೋರಿಯೇ ಸೋರುತ್ತದೆ. ಅಗ್ರಹಾರದ ಓಣಿಯಿಂದ ಬೆಳಗಿನ ಐದಕ್ಕೆ ಯಾರನ್ನೂ ಎಬ್ಬಿಸದೆ ಗಾಡಿ ಹೊರತೆಗೆಯಲು ಆ ಬಟನ್ ಚೆನ್ನ. ಮಿಕ್ಕ ಹೊತ್ತು ಕಾರಿಗೇ ಬಿಡಿ. ಅದು ತಾನಾಗಿಯೇ ಎಂಜಿನ್ ನಿಲ್ಲಿಸುವಂತೆ ಮಾಡಲು ಬಲಗಾಲಿಗೆ ಒಂದು ಸಣ್ಣ ಅಭ್ಯಾಸ ಸಾಕು. 50ರ ಆಸುಪಾಸು ಬಂದಮೇಲೆ ಆಕ್ಸಿಲರೇಟರನ್ನು ಪೂರ್ತಿ ಬಿಡಿ, ಎಂಜಿನ್ ನಿಂತದ್ದನ್ನು ನೋಡಿ, ಮತ್ತೆ ಕೂದಲೆಳೆಯಷ್ಟು ಒತ್ತಿ. ಸಪಾಟಾದ ಹೊರವರ್ತುಲ ರಸ್ತೆಯಲ್ಲಿ ಒಂದಷ್ಟು ದೂರ ಮೋಟಾರೇ ಎಳೆದುಕೊಂಡು ಹೋಗುತ್ತದೆ.

ಸಿಗ್ನಲ್ಲಿನಲ್ಲಿ ‘ಎನ್’ಗೆ ಹಾಕುವ ಅಭ್ಯಾಸ ಬಿಡಲೇಬೇಕು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿದರೂ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಇದರ ಏಸಿ ವಿದ್ಯುತ್ತಿನಿಂದಲೇ ನಡೆಯುವುದರಿಂದ ಎಂಜಿನ್ ನಿಂತರೂ ತಂಪು ನಿಲ್ಲದು. ಏಪ್ರಿಲ್ ಬಿಸಿಲಿನಲ್ಲಿ ದಸರಾ ವಸ್ತುಪ್ರದರ್ಶನದ ಮೈದಾನದಲ್ಲಿ ನಿಲ್ಲಿಸಿದ್ದ ಗಾಡಿ ತೆಗೆದು ಏಸಿ 18ಕ್ಕೆ ಇಟ್ಟರೆ ಆ ಸುಖಕ್ಕೆ ಬೆಲೆ ಉಂಟು: ಎಂಜಿನ್ ಆಗಾಗ ಎದ್ದು ಓಡುತ್ತದೆ. ಮೊದಲು ಕಿಟಕಿ ಇಳಿಸಿ ಒಂದು ನಿಮಿಷ ಬಿಸಿ ಹೊರಗೆ ಹೋಗಲು ಬಿಟ್ಟು, ಆಮೇಲೆ 24ಕ್ಕೆ ಇಡಿ.

ಪಿಕಪ್ ವಿಷಯದಲ್ಲಿ ಹೊಗಳಿಕೆ ಅರ್ಧ. ಸಿಗ್ನಲ್ಲಿನಿಂದ ಹೊರಡುವಾಗ ಬೆಣ್ಣೆಯಂತೆ ಹೊರಡುತ್ತದೆ. ಹುಣಸೂರು ರಸ್ತೆಯಲ್ಲಿ ಕಬ್ಬಿನ ಲೋಡ್ ಹೊತ್ತ ಟ್ರ್ಯಾಕ್ಟರನ್ನು ಹಿಂದಿಕ್ಕಲು ಪೂರ್ತಿ ತುಳಿದರೆ ಮೊದಲು ಸದ್ದು ಬರುತ್ತದೆ, ವೇಗ ಆಮೇಲೆ ಬರುತ್ತದೆ. ಇದರ ಇ–ಸಿವಿಟಿ ಎಂಬ ಗೇರ್‌ಬಾಕ್ಸಿನಲ್ಲಿ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ. ಗ್ರಹಗಳಂತೆ ಸುತ್ತುವ ಗೇರುಗಳ ಮೂಲಕ ಎಂಜಿನ್ನೂ, ಗಾಡಿ ಎಳೆಯುವ ಮೋಟಾರೂ, ಜನರೇಟರಿನಂತೆ ದುಡಿಯುವ ಇನ್ನೊಂದು ಮೋಟಾರೂ ಜೋಡಿಸಿಕೊಂಡಿವೆ. ಗೇರ್ ಬದಲಾಗುವ ಮಾತೇ ಇಲ್ಲದ್ದರಿಂದ ಎಂಜಿನ್ ಒಂದೇ ಎತ್ತರದ ರಾಗ ಹಿಡಿದು ಕೂರುತ್ತದೆ, ಮೂರು ಸಿಲಿಂಡರಿನ ರಾಗ ಇಂಪೇನಲ್ಲ. ಮುಕ್ಕಾಲು ಪೆಡಲಿನಲ್ಲೇ ಹಿಂದಿಕ್ಕಲು ಜಾಗ ನೋಡಿಕೊಂಡು ಹೊರಡುವುದು ಜಾಣತನ. ಪವರ್ ಮೋಡ್ ಹಾಕಿದರೆ ಶಕ್ತಿ ಹೆಚ್ಚಾಗದು, ಪೆಡಲ್ ಚುರುಕಾಗುತ್ತದೆ ಅಷ್ಟೇ.

ಕಂಪನಿ ಹೇಳುವ 27.97 ಕಿ.ಮೀ. ಪರೀಕ್ಷಾ ಕೊಠಡಿಯ ಲೆಕ್ಕ. ನಿಮ್ಮದನ್ನು ಮೀಟರ್ ನಂಬದೆ ಅಳೆಯಿರಿ: ಒಂದೇ ಬಂಕ್, ಸಾಧ್ಯವಾದರೆ ಅದೇ ಪಂಪ್, ನಳಿಕೆ ತಾನಾಗಿ ಕಟ್ ಆಗುವವರೆಗೆ ತುಂಬಿಸಿ ಟ್ರಿಪ್ ಸೊನ್ನೆ ಮಾಡಿ. ಟ್ಯಾಂಕ್ 45 ಲೀಟರಿನದು. ನಾನೂರು ಕಿ.ಮೀ. ಆದಮೇಲೆ ಹಾಗೆಯೇ ತುಂಬಿಸಿ ಭಾಗಿಸಿ, ಮೂರು ಸಲದ ಸರಾಸರಿ ತೆಗೆಯಿರಿ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಆದ್ದರಿಂದ ಶೇ. 20 ಬೆರಕೆಯ ಇ20ಯಲ್ಲಿ ಲೀಟರಿನ ಶಕ್ತಿಯೇ ಶೇ. 6–7ರಷ್ಟು ಇಳಿದಿರುತ್ತದೆ. ಮಂಡ್ಯದ ಕಬ್ಬಿನವರಿಗೆ ಸಂತೋಷದ ವಿಷಯ, ಮೈಲೇಜ್ ಲೆಕ್ಕ ಹಾಕುವವರಿಗೆ ಅಷ್ಟೇನಲ್ಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಮಿತಿ 100. ಅಲ್ಲಿ ಬ್ರೇಕ್ ಹಾಕುವ ಪ್ರಸಂಗವೇ ಕಡಿಮೆ, ಚೀಲಕ್ಕೆ ಚಿಲ್ಲರೆ ಬೀಳುವುದಿಲ್ಲ. ಜೊತೆಗೆ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಕ್ರೂಸ್ 85–90ಕ್ಕೆ ಇಟ್ಟು ಎಡ ಲೇನಿನಲ್ಲಿ ಹೋದವರಿಗೂ ಮಂಡ್ಯ ಏನು ದೂರವಿಲ್ಲ. ಕೊಳ್ಳುವ ಮುಂಚೆ ಈ ಲೆಕ್ಕ ಮಾಡಿ: ವರ್ಷಕ್ಕೆ 12,000 ಕಿ.ಮೀ. ಓಡುತ್ತೀರಿ, ಮೈಲ್ಡ್ 15 ಕೊಡುತ್ತದೆ, ಸ್ಟ್ರಾಂಗ್ 21 ಕೊಡುತ್ತದೆ ಎಂದಿಟ್ಟುಕೊಂಡರೆ ಉಳಿಯುವುದು ಸುಮಾರು 229 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ ವರ್ಷಕ್ಕೆ 22,900 ರೂಪಾಯಿ. ಎರಡರ ಆನ್‌ರೋಡ್ ಬೆಲೆಯ ವ್ಯತ್ಯಾಸವನ್ನು ಇದರಿಂದ ಭಾಗಿಸಿ. ದಿನಾ ಕುವೆಂಪುನಗರದಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಓಡಾಡುವವರಿಗೆ ಉತ್ತರ ಹಿತವಾಗಿರುತ್ತದೆ. ತಿಂಗಳಿಗೆರಡು ಸಲ ಹೈವೇಗೆ ಮಾತ್ರ ಗಾಡಿ ತೆಗೆಯುವವರಿಗೆ ಮೈಲ್ಡ್ ಸಾಕು.

ನಿಜವಾದ ಕೊರತೆ ಡಿಕ್ಕಿ. ಬ್ಯಾಟರಿ ಅಲ್ಲೇ ಕೂತಿರುವುದರಿಂದ ಉಳಿದ ಜಾಗ 265 ಲೀಟರ್, ನೆಲವೂ ಸಮ ಇಲ್ಲ. ಮುಚ್ಚಳ ಸಡಿಲವಾದ ಹಾಲಿನ ಕ್ಯಾನು, ನೀರು ಸೋರುವ ಮೀನಿನ ಚೀಲ ಅಲ್ಲಿಡಬೇಡಿ. ಬ್ಯಾಟರಿ ತಣಿಸುವ ಗಾಳಿಕಿಂಡಿ ಎಲ್ಲಿದೆ ಎಂದು ಮ್ಯಾನ್ಯುಯಲ್ ನೋಡಿ ಗುರುತು ಮಾಡಿಕೊಂಡು, ಅದರ ಮೇಲೆ ಹೊದಿಕೆ, ಚೀಲ ಬೀಳದಂತೆ ನೋಡಿಕೊಳ್ಳಿ. ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ, ದೂಳಿನಿಂದ ಉಸಿರುಗಟ್ಟಿಸುವುದು ನಮ್ಮ ಕಡೆಯಿಂದ ಆಗಬಾರದು.

ಕೈಕೊಡುವುದು ಹೆಚ್ಚಾಗಿ ಆ ದೊಡ್ಡ ಬ್ಯಾಟರಿಯಲ್ಲ, ಎಲ್ಲ ಕಾರುಗಳಲ್ಲೂ ಇರುವ 12 ವೋಲ್ಟಿನದು. ಇದರಲ್ಲಿ ಸೆಲ್ಫ್ ಹೊಡೆಯುವ ಸ್ಟಾರ್ಟರ್ ಇಲ್ಲ, ಆದರೆ ಕಂಪ್ಯೂಟರುಗಳನ್ನು ಎಬ್ಬಿಸುವುದು ಆ 12 ವೋಲ್ಟೇ. ಅದು ಸತ್ತರೆ ಹೈಬ್ರಿಡ್ ಬ್ಯಾಟರಿ ತುಂಬಿದ್ದರೂ ‘ರೆಡಿ’ ಬರದು. ಬ್ರೇಕ್ ಒತ್ತದೆ ಬಟನ್ ಒತ್ತಿ, ಗಾಡಿ ರೆಡಿಯಾಗದ ಸ್ಥಿತಿಯಲ್ಲಿ ಹಾಡು ಕೇಳುತ್ತಾ ಕೂರುವುದೇ ಅದನ್ನು ಕೊಲ್ಲುವ ಸುಲಭ ದಾರಿ. ಹಾಡು ಬೇಕಾದರೆ ‘ರೆಡಿ’ಯಲ್ಲಿಟ್ಟು ಕೇಳಿ. ಗಾಡಿ ಸುಮ್ಮನೆ ನಿಂತಿರುತ್ತದೆಂದರೆ ವಾರಕ್ಕೊಮ್ಮೆ ಅರ್ಧ ಗಂಟೆ ಬಯಲಿನಲ್ಲಿ ‘ರೆಡಿ’ಯಲ್ಲಿಡಿ, ಇಲ್ಲವೇ ಒಂದು ಸುತ್ತು ಹೋಗಿ ಬನ್ನಿ.

ಮಂಡ್ಯದ ಕಡೆ ನಾಲೆ, ಗದ್ದೆ ಪಕ್ಕದ ಮನೆಗಳಲ್ಲಿ ಇಲಿ ಕಾಟ ಹೊಸದಲ್ಲ. ಹುಲ್ಲಿನ ಮೆದೆಯ ಪಕ್ಕ ಗಾಡಿ ನಿಲ್ಲಿಸಬೇಡಿ, ವಾರಕ್ಕೊಮ್ಮೆ ಬಾನೆಟ್ ಎತ್ತಿ ಹಿಕ್ಕೆ, ಕಚ್ಚಿದ ಸ್ಪಂಜು ಇದೆಯೇ ನೋಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಚ್ಚಿದ್ದರೆ ಟೇಪ್ ಸುತ್ತುವ ಕೆಲಸಕ್ಕೆ ಊರಿನ ಎಲೆಕ್ಟ್ರಿಷಿಯನ್‌ ಅಣ್ಣನನ್ನು ಕರೆಯಬೇಡಿ. ಅದು ಹೈವೋಲ್ಟೇಜಿನದು, ಮುಟ್ಟದೆ ಗಾಡಿ ಆಫ್ ಮಾಡಿ ಸರ್ವಿಸ್‌ನವರಿಗೆ ಫೋನ್ ಮಾಡಿ. ಬಂದವರು ಹಗ್ಗ ಕಟ್ಟಿ ಎಳೆಯೋಣ ಎಂದರೆ ಒಪ್ಪಬೇಡಿ. ಮುಂದಿನ ಚಕ್ರ ನೆಲದ ಮೇಲೆ ಉರುಳಿದರೆ ಅದಕ್ಕೆ ಜೋಡಿಸಿದ ಮೋಟಾರೂ ತಿರುಗಿ ವಿದ್ಯುತ್ ಹುಟ್ಟಿಸುತ್ತದೆ. ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ಡೇ ಬರಲಿ ಎಂದು ಮೊದಲ ಫೋನಿನಲ್ಲೇ ಹೇಳಿಬಿಡಿ.